ಪುಟ್ಟಮಲ್ಲಪ್ಪನ ಕುಯ್ಲು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಕಾರಣ ಒಬ್ಬಟ್ಟು.

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ ಕಟ್ಟೆಹುಂಡಿ ಎಂಬ ಊರಿದೆ. ಬಿತ್ತನೆಗೆ ಹದವಾದ ಮಳೆ ಬಿದ್ದ ದಿನ ಆ ಊರಿನ ರೈತರೆಲ್ಲ ಹೊಲದಲ್ಲಿದ್ದರು, ಪುಟ್ಟಮಲ್ಲಪ್ಪ ಒಬ್ಬ ಮಾತ್ರ ಉಡಿಗಾಲ ಎಂಬ ಊರಿನಲ್ಲಿ ಬಾಮೈದನ ಗೃಹಪ್ರವೇಶದ ಪಂಕ್ತಿಯಲ್ಲಿದ್ದ. ಹೆಂಡತಿಯ ತವರು, ಬಲವಂತ ಜಾಸ್ತಿ. ಈ ಮಹಾರಾಯನಿಗೋ ಬೇಡ ಎನ್ನುವ ಅಭ್ಯಾಸ ಕಡಿಮೆ. ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಮಾರನೆಯ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದವನು ಸುಧಾರಿಸಿಕೊಂಡು ಊರಿಗೆ ಬರುವ ಹೊತ್ತಿಗೆ ಎಲ್ಲರೂ ಸೂರ್ಯಕಾಂತಿ ಬಿತ್ತಿ ಮುಗಿಸಿದ್ದರು. ಇವನು ಮುಂದಿನ ಮಳೆಗೆ ಕಾದು ಬಿತ್ತಿದ.

ಹಿಂದಿನ ವರ್ಷವೂ ಹೀಗೇ ಏನೋ ತಡಮಾಡಿಕೊಂಡು, ಕುಯ್ಲಿಗೆ ಬಂದ ತೆನೆಗಳೆಲ್ಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿದ್ದವು. ಅವತ್ತಿನಿಂದ ಹೆಂಡತಿ ಶಾಂತಮಲ್ಲಮ್ಮ ಒಗ್ಗರಣೆಗೆ ಎಣ್ಣೆ ಬಿಡುವಾಗಲೆಲ್ಲ, "ಇದು ಅಂಗಡಿ ಎಣ್ಣೆ ಕಣವ್ವ, ನಮ್ಮೆಜಮಾನ್ರು ಬೆಳ್ದಿದ್ದಲ್ಲ" ಎಂದು ಅಡುಗೆಮನೆ ಗೋಡೆಗೆ ಹೇಳುತ್ತಿದ್ದಳು. ಗೋಡೆ ಪಾಪ ಸುಮ್ಮನಿರುತ್ತಿತ್ತು, ಜಗಲಿಯಲ್ಲಿದ್ದ ಪುಟ್ಟಮಲ್ಲಪ್ಪನಿಗೆ ಚುರ್ ಎನ್ನುತ್ತಿತ್ತು. ಈ ಸಲ ಮಳೆಗೆ ಮುಂಚೆ ಒಂದು ಕಾಳೂ ಬಿಡದೆ ಒಳಗೆ ಹಾಕದಿದ್ದರೆ ನಾನು ಪುಟ್ಟಮಲ್ಲಪ್ಪನೇ ಅಲ್ಲ ಎಂದು ಅವನು ಮಾದಪ್ಪನ ಮೇಲೆ ಆಣೆ ಇಟ್ಟಿದ್ದ.

ಓಣಂ ರಜೆಯ ಮೊದಲ ದಿನ ಬೆಳಿಗ್ಗೆ, ಕಾಪಿ ಲೋಟ ಹಿಡಿದು ಜಗಲಿಗೆ ಬಂದವನು ಗೋಪಾಲಸ್ವಾಮಿ ಬೆಟ್ಟದ ಕಡೆ ನೋಡಿದ. ಬೆಟ್ಟದ ತಲೆಗೆ ಮೋಡ ಕವುಚಿಕೊಂಡಿತ್ತು. ಹಾಗೆ ಕವುಚಿದರೆ ರಾತ್ರಿಯೊಳಗೆ ಮಳೆ ಖಂಡಿತ ಎಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು.

"ಅಮ್ಮೀ, ಇವತ್ತೇ ಕುಯ್ಸುಬುಡ್ತೀನಿ," ಎಂದ. "ರಾಚಮ್ಮಂಗೆ ನೆನ್ನೇನೇ ಹೇಳಿವ್ನಿ. ಆಳು ಕರ್ಕಂಡು ಬತ್ತಾಳೆ."

"ಇವತ್ತಾ?" ಶಾಂತಮಲ್ಲಮ್ಮ ಒಳಗಿನಿಂದ ಇಣುಕಿದಳು. "ಓಣಂ ರಜ ಕಣ್ರೀ. ನಾಗಲಕ್ಷ್ಮಿ ಏನಂತಾಳೋ!"

"ಹೊಲ ನಂದಾ, ನಾಗಲಕ್ಷ್ಮಿದಾ?"

ಶಾಂತಮಲ್ಲಮ್ಮ ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ ಎಂಬುದು ಪುಟ್ಟಮಲ್ಲಪ್ಪನಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಆದರೂ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ.

ಅವಳು ನಾಗಲಕ್ಷ್ಮಿಯ ಹೆಸರೆತ್ತಿದ್ದಕ್ಕೆ ಕಾರಣವಿತ್ತು. ಕೇರಳದಿಂದ ಬರುವ ಕಾರು, ಬಸ್ಸುಗಳೆಲ್ಲ ಕೆಲವು ವರ್ಷಗಳಿಂದ ಈ ಹೂವಿನ ಹೊಲ ಕಂಡರೆ ಸಾಕು, ಗಕ್ಕನೆ ನಿಲ್ಲುತ್ತಿದ್ದವು. ಮೊದಮೊದಲು ಜನ ಹೊಲದೊಳಗೆ ನುಗ್ಗಿ ಗಿಡ ತುಳಿಯುವುದು, ರೈತರು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋಗುವುದು ನಡೆದಿತ್ತು. ಆಮೇಲೆ ಮಹಿಳಾ ಸಂಘದ ಅಧ್ಯಕ್ಷೆ ನಾಗಲಕ್ಷ್ಮಿ ದೊಣ್ಣೆ ಬಿಡಿಸಿ ಟಿಕೆಟ್ ಹಿಡಿಸಿದಳು. ಹೊಲದ ನಡುವೆ ಓಡಾಡಲು ದಾರಿ ಮಾಡಿಸಿದಳು. ಒಂದು ಪಾಲು ಹೊಲದವರಿಗೆ, ಒಂದು ಪಾಲು ಊರಿಗೆ ಎಂದು ಮಾತಾಯಿತು. ರೋಡಿನ ಪಕ್ಕ ಸಂಘದ ಕಟ್ಟಡ ಎದ್ದಿತು, ಹೆಂಗಸರಿಗೆ ಶೌಚಾಲಯ ಬಂತು, ಮಜ್ಜಿಗೆ, ಕಡ್ಲೆಕಾಯಿ, ಹುರಿಹಿಟ್ಟಿನ ಉಂಡೆಯ ಅಂಗಡಿಗಳು ಬಂದವು. ಈಗ ಬೇರೆಯವರ ಹೊಲಗಳೆಲ್ಲ ಕುಯ್ಲಾಗಿ ಬೋಳಾಗಿದ್ದವು. ಒಬ್ಬಟ್ಟಿನ ದಯೆಯಿಂದ ಪುಟ್ಟಮಲ್ಲಪ್ಪನ ಹೊಲವೊಂದೇ ರೋಡಿನ ಪಕ್ಕ ಅಷ್ಟಿಷ್ಟು ಹಳದಿ ಉಳಿಸಿಕೊಂಡು ನಿಂತಿತ್ತು.

ಹೊಲದ ಬಾಯಲ್ಲಿ ಬಿದಿರಿನ ಗೇಟು, ಅದರ ಪಕ್ಕ ಕೊಡೆಯ ಕೆಳಗೊಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ನಾಗಲಕ್ಷ್ಮಿಯ ಹೊಸ ಸೊಸೆ ಚೈತ್ರ ಕೂತಿದ್ದಳು. ಉಮ್ಮತ್ತೂರಿನ ಹುಡುಗಿ, ಊರಿಗೆ ಬಂದು ಇನ್ನೂ ಎಲ್ಲರ ಮುಖ ಪರಿಚಯವಾಗಿರಲಿಲ್ಲ.

"ಟಿಕೆಟ್," ಎಂದಳು.

"ಏನಮ್ಮಿ?"

"ಒಳಿಕ್ಕೋಗಕ್ಕೆ ಟಿಕೆಟ್ ತಕಬೇಕು. ಫೋಟೋಗೆ ಬೇರೆ, ರೀಲ್ಸ್‌ಗೆ ಬೇರೆ."

"ಇದು ನನ್ ಹೊಲ ಕಣವ್ವ!"

"ಬೆಳಗಿಂದ ಎಲ್ರೂ ಒಂದೊಂದು ಹೇಳ್ತಾವ್ರೆ. ಒಬ್ರು ಪೊಲೀಸ್ ಅಂದ್ರು, ಇನ್ನೊಬ್ರು ಪೇಪರ್‌ನೋರು ಅಂದ್ರು. ಯಾರ್ನೂ ಬುಡಬ್ಯಾಡ ಅಂತ ನಮ್ಮತ್ತೆ ಅಂದವ್ರೆ."

ಪುಟ್ಟಮಲ್ಲಪ್ಪ ಅವಳ ಕೈಯಲ್ಲಿದ್ದ ಟಿಕೆಟನ್ನೇ ತೋರಿಸಿದ. ಅದರ ಕೆಳಗೆ 'ಹೊಲದ ಮಾಲೀಕರು: ಶ್ರೀ ಪುಟ್ಟಮಲ್ಲಪ್ಪನವರು' ಎಂದು ಅಚ್ಚಾಗಿತ್ತು. "ಓದವ್ವ, ಇದು ನಾನೇಯ."

ಚೈತ್ರ ಟಿಕೆಟ್ ನೋಡಿದಳು. ತಲೆಗೆ ಸುತ್ತಿದ ಟವೆಲ್ ನೋಡಿದಳು. ಸೊಂಟದ ಕುಡುಗೋಲು ನೋಡಿದಳು. "ಆಧಾರ್ ಕಾರ್ಡ್ ತಂದಿದ್ದೀರಾ?" ಎಂದು ಕೇಳಿದಳು.

ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಮಳೆ ಬೇರೆ ತಲೆಯ ಮೇಲಿತ್ತು. ಪುಟ್ಟಮಲ್ಲಪ್ಪ ಹಲ್ಲು ಕಚ್ಚಿಕೊಂಡು ತನ್ನ ಹೊಲಕ್ಕೆ ತಾನೇ ಟಿಕೆಟ್ ಕೊಂಡು ಒಳಗೆ ಹೋದ.

ಒಳಗೆ ಆಳುಗಳು ಆಗಲೇ ಬಂದಿದ್ದರು. ಬಂದಿದ್ದೇನೋ ನಿಜ, ಆದರೆ ಒಬ್ಬರೂ ಬಗ್ಗಿರಲಿಲ್ಲ. ರಾಚಮ್ಮ ಮತ್ತು ಅವಳ ಜೊತೆಯ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಕುಡುಗೋಲನ್ನು ಹೆಗಲ ಮೇಲಿಟ್ಟುಕೊಂಡು, ಯಾರದೋ ಫೋನಿನ ಕಡೆ ನೋಡುತ್ತ ಹಲ್ಲು ಬಿಡುತ್ತಿದ್ದರು.

"ರಾಚಮ್ಮಾ, ಇದೇನಿದು? ಕುಯ್ಲೆಲ್ಲಿ?"

"ಅಲ್ಲೇ ನಿಂತ್ಕಳಿ ಮಲ್ಲಪ್ಪನೋರೆ, ಫೋಟೋದಾಗೆ ಬಂದ್ಬುಡ್ತೀರಿ," ಎಂದಳು ರಾಚಮ್ಮ, ತುಟಿ ಅಲುಗಿಸದೆ. "ಸುಮ್ಕೆ ನಿಂತ್ಕಂಡ್ರೆ ಸಾಕು ಅಂತ ನಾಗಲಕ್ಷ್ಮಮ್ಮ ಅಂದವ್ರೆ. ಕೂಲಿ ಅದೇಯ. ನಮ್ ಸೊಂಟಕ್ಕೂ ಒಂದಿನ ರಜ ಬ್ಯಾಡ್ವಾ?"

ಪುಟ್ಟಮಲ್ಲಪ್ಪ ನಾಗಲಕ್ಷ್ಮಿಯನ್ನು ಹುಡುಕಿಕೊಂಡು ಹೋದ. ಅವಳು ಬಾಳೆನಾರಿನ ಕಂತೆ ಹಿಡಿದು ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದಳು. ಬಾಗಿದ ತೆನೆಯನ್ನು ಎತ್ತುವುದು, ರೋಡಿನ ಕಡೆ ತಿರುಗಿಸುವುದು, ನಾರಿನಿಂದ ದಂಟಿಗೆ ಕಟ್ಟುವುದು, ಹಾಗೆ ಮಾಡುತ್ತಿದ್ದಳು.

"ಏನವ್ವ ನಾಗಲಕ್ಷ್ಮಿ, ಹೂವಿಗೆ ಜಡೆ ಹಾಕ್ತಿದ್ದೀಯಾ?"

"ನೋಡಣ್ಣ, ಎಲ್ಲವೂ ಪೂರ್ವಕ್ಕೆ ಮಕ ಹಾಕ್ಕಂಡು ತಲೆ ಬಗ್ಗಿಸ್ಕಂಡವೆ. ರೋಡಿರಾದು ಪಶ್ಚಿಮಕ್ಕೆ. ದೂರದಿಂದ ಬಂದೋರ್ಗೆ ಬೆನ್ನು ತೋರ್ಸುದ್ರೆ ನಮ್ಮೂರ್ ಮರ್ಯಾದೆ ಏನಾಯ್ತದೆ?"

"ಕುಯ್ಲಿಗೆ ಬಂದವೆ ಕಣವ್ವ, ಅದ್ಕೇ ಬಗ್ಗವೆ! ಬೆಟ್ಟ ನೋಡು, ಮೋಡ ನೋಡು. ಇವತ್ತು ಕುಯ್ನಿಲ್ಲ ಅಂದ್ರೆ ನಾ ಕೆಟ್ಟೆ."

"ರಜ ಮುಗಿಲಿ ಅಣ್ಣ. ಮೋಡ ಈ ಸಲ ಕೇರಳದ ಕಡೀಕೇ ಓಯ್ತದಂತೆ, ಟಿವೀಲಿ ಹೇಳುದ್ರು."

"ಕೇರಳದೋರೆಲ್ಲ ಇಲ್ಲಿಗೆ ಬಂದವ್ರಲ್ಲ, ಮೋಡ ಅಲ್ಲೋಗಿ ಏನ್ಮಾಡ್ತದೆ?" ಎಂದು ಪುಟ್ಟಮಲ್ಲಪ್ಪ ಕಿರುಚಿದ. ಅಷ್ಟರಲ್ಲಿ ಹಿಂದುಗಡೆಯ ಸಾಲಿಗೆ ಗಿಳಿಗಳ ಹಿಂಡೊಂದು ಇಳಿಯಿತು. ಅವನು ಓಡಿಹೋಗಿ ಹೆಂಟೆ ಎತ್ತಿ ಬೀಸಿದ. ಫೋಟೋಗೆ ನಿಂತಿದ್ದ ಹೆಂಗಸರು ಅಯ್ಯೋ ಎಂದು ಕೂಗಿಕೊಂಡರು. ಇಂಥ ಚೆಂದದ ಗಿಳಿಗಳಿಗೆ ಹೊಡೆಯುವ ಈ ಪಾಪಿ ಯಾರು ಎಂಬಂತೆ ಅವನನ್ನು ನೋಡಿದರು. ಗಿಳಿಗಳು ಎರಡು ಸಾಲು ದಾಟಿ ಕೂತು ಊಟ ಮುಂದುವರಿಸಿದವು.

ನ್ಯಾಯಕ್ಕಾಗಿ ಅವನು ರೋಡಿನ ಆಚೆ ಬದಿಯ ಮಹದೇವನ ಟೀ ಅಂಗಡಿಗೆ ಹೋದ. ಅಲ್ಲಿ ಊರಿನ ಅರ್ಧ ಜನ ಇದ್ದರು, ಎಲ್ಲರೂ ಬಿಡುವಿಲ್ಲದೆ ದುಡಿಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಈ ಹೊತ್ತಿನಲ್ಲಿ ಅಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

"ಮಾದೇವ, ನೀನಾರೂ ಹೇಳ್ಲಾ. ನನ್ ಬೆಳೆ ನಾ ಕುಯ್ಯದು ತಪ್ಪಾ?"

"ತಪ್ಪಲ್ಲಣ್ಣೋ." ಮಹದೇವ ಒಂದು ಕೈಯಲ್ಲಿ ಟೀ ಎತ್ತಿ ಹೊಯ್ಯುತ್ತ, ಇನ್ನೊಂದು ಕೈಯಲ್ಲಿ ಕಾರಿನವರನ್ನು "ಚೇಟ್ಟಾ, ವಾ ವಾ" ಎಂದು ಕರೆಯುತ್ತ ಮಾತಾಡಿದ. "ನಾ ತಿರುಪೂರ್ನಾಗೆ ಬನಿಯನ್ ಹೊಲೀತಾ ಇದ್ದೋನು. ಎಂಡ್ರು ಮಕ್ಕಳ್ ಮಕ ನೋಡ್ತಿದ್ದದ್ದು ಹಬ್ಬಕ್ಕೆ ಒಂದ್ಸಲ. ಈ ಹೂವು ಬಂತು, ನಾನೂ ಬಂದೆ. ನನ್ ಮಕ್ಳು ಸೇರುದ್ಮೇಲೆ ಮುಚ್ಚಬೇಕಾಗಿದ್ದ ನಮ್ಮೂರ್ ಸ್ಕೂಲು ಉಳೀತು. ಬಸ್ಸು ನಿಲ್ಸದೇ ಓಯ್ತಿದ್ದ ಡ್ರೈವರು ಈಗ ಇಳ್ದು ಟೀ ಕುಡ್ದು ಓಯ್ತಾನೆ. ಇದ್ಯಾವ್ದೂ ತಪ್ಪಲ್ಲ. ನೀ ಕುಯ್ಯದೂ ತಪ್ಪಲ್ಲ. ಆದ್ರೆ ಇವತ್ತು ಬ್ಯಾಡ ಕಣಣ್ಣೋ."

ಮಹದೇವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಪುಟ್ಟಮಲ್ಲಪ್ಪನಿಗೆ ಸಿಟ್ಟು ತರಿಸಿದ್ದು. ಟೀ ಮಾತ್ರ ಪುಕ್ಕಟೆ ಸಿಕ್ಕಿತು. ಕುಡಿದು ಲೋಟ ಕೆಳಗಿಟ್ಟವನ ಕಣ್ಣಿಗೆ ಮತ್ತೆ ಬೆಟ್ಟ ಬಿತ್ತು. ಮೋಡ ಬೆಟ್ಟ ಬಿಟ್ಟು ಇಳಿಯತೊಡಗಿತ್ತು. ಕಣ್ಣಮುಂದೆ ಶಾಂತಮಲ್ಲಮ್ಮನ ಗೋಡೆ ಬಂದು ನಿಂತಿತು.

"ಯಾರೂ ಬ್ಯಾಡ. ನಾನೊಬ್ನೇ ಕುಯ್ತೀನಿ," ಎಂದುಕೊಂಡು, ಈ ಸಲ ಗೇಟಿನ ಗೊಡವೆಗೆ ಹೋಗದೆ ಕಳ್ಳನ ಹಾಗೆ ಹಿಂಬದಿಯ ಬೇಲಿ ಹಾರಿ ತನ್ನ ಹೊಲಕ್ಕೆ ಇಳಿದ. ಬೇಲಿಯ ಮುಳ್ಳು ಪಂಚೆಯ ಒಂದು ತುಂಡನ್ನು ಇಟ್ಟುಕೊಂಡಿತು. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಗಿಡ ಬಗ್ಗಿಸಿ, ತೆನೆಯ ಕುತ್ತಿಗೆಗೆ ಕುಡುಗೋಲು ಹಾಕಿ ಎಳೆದ. ಚರಕ್ಕೆಂದು ತೆನೆ ಕೈಗೆ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಕೈ ಹಾಕಿ ತಲೆ ಎತ್ತುತ್ತಾನೆ, ಒಂದು ಬಸ್ಸಿನ ಜನ ಸುತ್ತ ನಿಂತು ಫೋನ್ ಹಿಡಿದಿದ್ದಾರೆ.

"ಅಣ್ಣಾ," ಎಂದ ಅವರನ್ನು ಕರೆತಂದಿದ್ದ ಗೈಡು. ಬಿಜು ಎಂದು ಅವನ ಹೆಸರು. ಕೇರಳದ ಬತ್ತೇರಿಯವನು, ಓಡಾಡಿ ಓಡಾಡಿ ಕನ್ನಡ ಕಲಿತಿದ್ದ. "ಇದು ಯಾವ ಪ್ರೋಗ್ರಾಂ? ನಮ್ಮ ಪ್ಯಾಕೇಜಿನಲ್ಲಿ ಇಲ್ಲ ಅಲ್ಲವಾ?"

ಪುಟ್ಟಮಲ್ಲಪ್ಪ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಗುಂಪಿನಿಂದ ಟೀಚರಮ್ಮನಂತಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬಳು ಮುಂದೆ ಬಂದು, ನನಗೂ ಒಮ್ಮೆ ಕೊಡಿ ಎಂಬಂತೆ ಕುಡುಗೋಲಿಗೆ ಕೈ ಚಾಚಿದಳು. ಪುಟ್ಟಮಲ್ಲಪ್ಪನ ತಲೆಯಲ್ಲಿ ಹುಟ್ಟಿದಾಗಿನಿಂದ ಹತ್ತದಿದ್ದ ದೀಪವೊಂದು ಆಗ ಪಕ್ಕನೆ ಹತ್ತಿಕೊಂಡಿತು.

"ಇದು ಕುಯ್ಲು ಪ್ರೋಗ್ರಾಂ," ಎಂದ ಗಂಟಲು ಸರಿಮಾಡಿಕೊಂಡು. "ಮುಯ್ಯಾಳು ಅಂತಾರೆ. ಇವತ್ತು ನನ್ ಹೊಲಕ್ಕೆ ನೀವು ಕೈ ಹಾಕೋದು, ನಾಳೆ ನಿಮ್ ಕೆಲ್ಸಕ್ಕೆ ನಾವು ಬರೋದು. ನಮ್ಮೂರ್ ಪದ್ಧತಿ. ನೆಂಟ್ರು ಬಂದ್ಮೇಲೆ ಕುಯ್ಲೇಬೇಕು."

ಬಿಜು ಅದನ್ನು ಮಲಯಾಳದಲ್ಲಿ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೋ ಏನೋ, ಇಡೀ ಬಸ್ಸು ತೋಳೇರಿಸಿತು. ಕುಡುಗೋಲು ಬೇಕಲ್ಲ? ರಾಚಮ್ಮನವರ ಹೆಗಲ ಮೇಲೆ ಬೇಕಾದಷ್ಟಿದ್ದವು. ಮೊದಲು ಅವರು ಕುಡುಗೋಲು ಕೊಟ್ಟು ದೂರ ನಿಂತು ನಕ್ಕರು. ಆದರೆ ಒಬ್ಬ ಪ್ಯಾಂಟಿನವನು ತೆನೆ ಬಿಟ್ಟು ಬುಡಕ್ಕೇ ಕುಡುಗೋಲು ಹಾಕಿದಾಗ ರಾಚಮ್ಮನಿಗೆ ತಡೆಯಲಾಗಲಿಲ್ಲ. "ಅಯ್ಯೋ ನನ್ನಪ್ನೇ, ದಂಟು ಕುಯ್ಯದಲ್ಲ ಕಣಾ, ತೆನೆ ಕುಯ್ಯದು! ತತ್ತಾ ಇಲ್ಲಿ!" ಎಂದು ಕಸಿದುಕೊಂಡು ಕುಯ್ದು ತೋರಿಸಿದಳು. ಅವಳು ಬಗ್ಗಿದ್ದೇ ತಡ, ಉಳಿದ ಹೆಂಗಸರೂ ಬಗ್ಗಿದರು. ರೋಡಿನಲ್ಲಿ ಹೋಗುತ್ತಿದ್ದ ಕಾರುಗಳು ನಿಂತವು. ಅವುಗಳಿಂದ ಇಳಿದವರು ಟಿಕೆಟ್ ಕೊಂಡು ಬಂದು ಕುಯ್ದರು.

ನಾಗಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು ಬಾಯಿ ಬಿಟ್ಟುಕೊಂಡು ನಿಂತಳು. ತಡೆಯೋಣವೆಂದರೆ ಕುಯ್ಯುತ್ತಿರುವವರು ಗಿರಾಕಿಗಳು. ಕೊನೆಗೆ ಅವಳೂ ಫೋನ್ ತೆಗೆದು ವಿಡಿಯೋ ಮಾಡತೊಡಗಿದಳು. ಮಹದೇವ ಟೀ ಕ್ಯಾನು ಹೊತ್ತು ಹೊಲಕ್ಕೇ ಬಂದ. ಶಾಂತಮಲ್ಲಮ್ಮ ಮನೆಯಿಂದ ಪಾನಕ ಮಾಡಿಕೊಂಡು ತಂದಳು. ಟೀಚರಮ್ಮ ಏನೋ ಹಾಡು ಹೇಳಿದಳು, ರಾಚಮ್ಮ ಅದಕ್ಕೆ ಇನ್ನೇನೋ ಹಾಡು ಸೇರಿಸಿದಳು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ, ಆದರೂ ಚೆನ್ನಾಗಿತ್ತು.

ಪುಟ್ಟಮಲ್ಲಪ್ಪ ಬದುವಿನ ಮೇಲೆ ನಿಂತು ನೋಡಿದ. ಅಪ್ಪನ ಕಾಲದಲ್ಲಿ ಹೊಲಕ್ಕೆ ಹೀಗೆ ಜನ ಇಳಿಯುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ತಿರುಪೂರಿಗೆ, ಮೈಸೂರಿಗೆ ಎಂದು ಹೊರಟುಹೋಗಿ, ಮುಯ್ಯಾಳು ಎನ್ನುವ ಮಾತೇ ಊರಲ್ಲಿ ನಿಂತುಹೋಗಿತ್ತು. ಅದು ಯಾರದೋ ಬಸ್ಸು ಹತ್ತಿ ವಾಪಸು ಬಂದಿದೆ ಅನ್ನಿಸಿ ಅವನಿಗೆ ಬಹಳ ಖುಷಿಯಾಯಿತು. ಕಣ್ಣು ಒದ್ದೆಯಾದದ್ದನ್ನು ಯಾರಿಗೂ ಕಾಣದಂತೆ ಟವೆಲ್ಲಿನಿಂದ ಒರೆಸಿಕೊಂಡ.

ಸಂಜೆಯಾಗುವಷ್ಟರಲ್ಲಿ ಹೊಲದಲ್ಲಿ ದಂಟು ಬಿಟ್ಟರೆ ಏನೂ ಉಳಿದಿರಲಿಲ್ಲ. ತೆನೆಗಳೆಲ್ಲ ಪಕ್ಕದ ಸಂಘದ ಕಟ್ಟಡದೊಳಗೆ ರಾಶಿ ಬಿದ್ದವು. ಬಸ್ಸು ಹೊರಡುವಾಗ ಪುಟ್ಟಮಲ್ಲಪ್ಪ ಅದರ ಬಾಗಿಲವರೆಗೂ ಹೋದ. ನಮ್ಮ ಸೀಮೆಯಲ್ಲಿ ಮನೆಗೆ ಬಂದವರನ್ನು ಸುಮ್ಮನೆ ಹೋಗಿ ಎನ್ನುವ ಸಂಪ್ರದಾಯವಿಲ್ಲ. ಅವನು ಬಾಯಿತುಂಬ, "ಓಗ್ಬುಟ್ಟು ಬನ್ನಿ. ನಾಳೆನೂ ಬನ್ನಿ. ನಿಮ್ ಕಡೆಯೋರ್ನೆಲ್ಲ ಕರ್ಕಂಡು ಬನ್ನಿ. ಇದೇ ನಿಮ್ಮನೆ ಅನ್ಕಳಿ," ಎಂದು ಕೈಮುಗಿದ. ಬಿಜು ಅದನ್ನೂ ಮಲಯಾಳದಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಸ್ಸು ಮರೆಯಾಗುತ್ತಿದ್ದಂತೆ ಮಳೆ ಸುರಿಯಿತು. ಟಿವಿಯವರು ಹೇಳಿದಂತೆ ಕೇರಳಕ್ಕೆ ಹೋಗಲಿಲ್ಲ, ಕಟ್ಟೆಹುಂಡಿಗೇ ಬಂತು. ಹೆಂಚಿನ ಮೇಲೆ ಮಳೆಯ ಸದ್ದು ಕೇಳುತ್ತ ಪುಟ್ಟಮಲ್ಲಪ್ಪ ಬಿಸಿ ಮುದ್ದೆ, ಅವರೆಕಾಳು ಸಾರು ಉಂಡ. ಶಾಂತಮಲ್ಲಮ್ಮ ಒಗ್ಗರಣೆ ಹಾಕುವಾಗ ಗೋಡೆಯ ಜೊತೆ ಒಂದು ಮಾತೂ ಆಡಲಿಲ್ಲ. ಇನ್ನೊಂದು ಮುದ್ದೆ ತಾನಾಗಿಯೇ ತಟ್ಟೆಗೆ ಬಿತ್ತು. ಎಷ್ಟೋ ವರ್ಷದ ಮೇಲೆ ಅವನು ಗೊರಕೆ ಹೊಡೆದು ಮಲಗಿದ.

ಬೆಳಗಾದಾಗ ಮಳೆ ನಿಂತಿತ್ತು, ಮನೆಯಲ್ಲಿ ಹೆಂಡತಿ ಇರಲಿಲ್ಲ. ರಾಶಿ ಒಂದು ಸಲ ಕಣ್ತುಂಬ ನೋಡೋಣವೆಂದು ಪುಟ್ಟಮಲ್ಲಪ್ಪ ಸಂಘದ ಕಟ್ಟಡಕ್ಕೆ ಬಂದ. ಬಾಗಿಲು ತೆರೆದಿತ್ತು. ಒಳಗೆ ಒಂದು ತೆನೆಯೂ ಇರಲಿಲ್ಲ.

"ಕಳ್ರು! ಅಯ್ಯೋ, ಬೆಳೆ ಹೊತ್ಕಂಡೋಗ್ಬುಟ್ರಲ್ಲಪ್ಪೋ!" ಎಂದು ಅರಚಿಕೊಂಡು ರೋಡಿಗೆ ಓಡಿದವನು ಹೊಲದ ಕಡೆ ನೋಡಿ ಅಲ್ಲೇ ನಿಂತ.

ಹೊಲ ಹೂ ಬಿಟ್ಟಿತ್ತು. ನಿನ್ನೆ ಬೋಳಾಗಿದ್ದ ಹೊಲದಲ್ಲಿ ಈ ಕೊನೆಯಿಂದ ಆ ಕೊನೆಯವರೆಗೆ ಸೂರ್ಯಕಾಂತಿ ನಿಂತಿದ್ದವು. ನಿನ್ನೆ ಎಸಳು ಬಾಡಿ ಬಗ್ಗಿದ್ದವು ಇವತ್ತು ಹೊಸದಾಗಿ ಅರಳಿ, ಎಲ್ಲವೂ ಒಟ್ಟಿಗೆ ರೋಡಿನ ಕಡೆ ಮುಖ ಮಾಡಿದ್ದವು. ಪುಟ್ಟಮಲ್ಲಪ್ಪ ಕಣ್ಣುಜ್ಜಿಕೊಂಡು ಹತ್ತಿರ ಹೋದ. ಪ್ರತಿ ದಂಟಿಗೂ ಒಂದು ತೆನೆಯನ್ನು ಬಾಳೆನಾರಿನಿಂದ ಬಿಗಿದು ಕಟ್ಟಿತ್ತು. ಪ್ರತಿ ತೆನೆಯ ಸುತ್ತಲೂ ಚೆಂಡುಹೂವಿನ ದಂಡೆ ಸುತ್ತಿತ್ತು. ಊರಿಗೆ ಊರೇ ಸಾಲುಗಳ ನಡುವೆ ನಿಂತು ಕೊನೆಯ ಕಟ್ಟುಗಳನ್ನು ಬಿಗಿಯುತ್ತಿತ್ತು. ಎಲ್ಲರಿಗಿಂತ ಮುಂದೆ, ಹಲ್ಲಿನಲ್ಲಿ ನಾರು ಕಚ್ಚಿಕೊಂಡು ಶಾಂತಮಲ್ಲಮ್ಮ ಇದ್ದಳು.

"ಏನಮ್ಮಿ ಇದು! ಕುಯ್ದಿದ್ದನ್ನ ಯಾಕೆ ಕಟ್ಟಿದ್ದೀರಿ?"

"ಇನ್ನೇನ್ ಮಾಡ್ಬೇಕಿತ್ತು?" ಎಂದಳು ಶಾಂತಮಲ್ಲಮ್ಮ. "ಬಿಜು ರಾತ್ರೀನೇ ಮಾದೇವಂಗೆ ಫೋನ್ ಮಾಡಿದ್ದ. ಮಲ್ಲಪ್ಪನೋರು ಎಲ್ರನ್ನೂ ಕರ್ಕಂಡು ಬನ್ನಿ ಅಂದವ್ರೆ, ನಾಕು ಬಸ್ಸು ಬತ್ತಾವೆ, ಎಲ್ರೂ ಕುಯ್ಲೇಬೇಕು ಅಂತವ್ರೆ ಅಂದ. ಬಂದೋರ ಕೈಗೆ ಬರೀ ದಂಟು ಕೊಡಕ್ಕಾಯ್ತದಾ?"

"ನಾ ಸುಮ್ಕೆ ಮರ್ಯಾದೆಗೆ ಅಂದದ್ದು ಕಣೇ!"

"ಮರ್ಯಾದೆಗೆ ಅಂದದ್ದನ್ನ ಮರ್ಯಾದೆಯಾಗೇ ನಡುಸ್ಬೇಕು. ಊರ್ ಪದ್ಧತಿ ಅಂತ ಬೇರೆ ಹೇಳ್ಬುಟ್ಟಿದ್ದೀರಿ."

"ಏನೂ ಯೋಚ್ನೆ ಮಾಡ್ಬ್ಯಾಡಣ್ಣ," ಎಂದು ನಾಗಲಕ್ಷ್ಮಿ ಮುಂದಿನ ಸಾಲಿನಿಂದ ಕೂಗಿದಳು. "ಸಂಜೀಕೆ ಅವ್ರೆಲ್ಲ ಕುಯ್ದು ಓಗ್ಲಿ, ಮತ್ತೆ ಕಟ್ಟನ. ನಾಳೀಕೆ ಊಟಿ ಕಡೆಯಿಂದ ಬತ್ತವ್ರಂತೆ."

ತೆನೆಯೊಂದರ ಮೇಲೆ ಗಿಳಿ ಬಂದು ಕೂತು, ದಂಡೆ ಸರಿಸಿ, ಕಾಳು ತಿನ್ನತೊಡಗಿತು. ಪುಟ್ಟಮಲ್ಲಪ್ಪ ಬೆಟ್ಟದ ಕಡೆ ತಿರುಗಿದ. ಅದರ ತಲೆಗೆ ಮೋಡ ಕವುಚಿಕೊಂಡಿತ್ತು.

ಕಾಲೆಳೆದುಕೊಂಡು ಗೇಟಿನ ಹತ್ತಿರ ಬಂದ. ಕೊಡೆಯ ಕೆಳಗೆ ಚೈತ್ರ ಕೂತಿದ್ದಳು. ನಿನ್ನೆಯ ಅಭ್ಯಾಸದಂತೆ ಅವನ ಕೈ ಜೇಬಿಗೆ ಹೋಯಿತು. ಚೈತ್ರ ಗಡಬಡಿಸಿ ಎದ್ದು ನಿಂತು, ಕುರ್ಚಿಯ ಕೆಳಗಿನಿಂದ ಒಂದು ಕಂತೆ ಬಾಳೆನಾರು ತೆಗೆದು ಅವನ ಕೈಗಿಟ್ಟಳು.

"ಬ್ಯಾಡ ಮಾವ, ನಿಮ್ಗೆ ಟಿಕೆಟ್ ಬ್ಯಾಡ," ಎಂದಳು ಮರ್ಯಾದೆಯಿಂದ. "ನಿಮ್ಮನ್ನ ಸ್ಟಾಫ್‌ಗೆ ಸೇರ್ಸವ್ರೆ."